ಹೊಟ್ಟೆಗೆ ಹಾಕಿಕೊಂಡದ್ದು

ಐಂಡ್‌ಹೋವನ್ನಿನಲ್ಲಿ ನಾನು ಗುಜರಿಯವನು.
ಹಳೆಯ ಪ್ರಯೋಗಶಾಲೆಯ ನೆಲಮಾಳಿಗೆ ಖಾಲಿ ಮಾಡುವ ಗುತ್ತಿಗೆ.
ತಾಮ್ರ ಒಂದು ರಾಶಿ, ಹಿತ್ತಾಳೆ ಒಂದು,
ನಿಕ್ಕಲ್ ಕಂಡರೆ ಬೇರೆ ಚೀಲ; ಅದಕ್ಕೆ ರೇಟಿದೆ.

ಮೂಲೆಯಲ್ಲೊಂದು ಉಕ್ಕಿನ ಸೀಸೆ,
ಮೊಣಕೈಯುದ್ದ, ಕುತ್ತಿಗೆಗೆ ತಿರುಪು.
ಹಳದಿಗಟ್ಟಿದ ಚೀಟಿಯಲ್ಲಿ ಪೆನ್ಸಿಲ್ಲಿನ ಅಕ್ಷರ:
ಲ್ಯಾಂಥನಮ್ ಒಂದು, ನಿಕ್ಕಲ್ ಐದು.
ತುಂಬಿದೆ. ನವೆಂಬರ್ ಎಪ್ಪತ್ತೊಂದು.

ಯಾವುದು ಕಸ ಯಾವುದಲ್ಲ ಎಂದು ತೋರಿಸಲು ಬಂದಿದ್ದ
ಮುದುಕಿ ಡಿಂಫ್ನಾ, ಇಲ್ಲೇ ಮೂವತ್ತು ವರ್ಷ ಲೋಹ ಕರಗಿಸಿದವಳು,
ಚೀಟಿ ಓದಿ ಕನ್ನಡಕ ತೆಗೆದಳು.
ವುಬ್ಬೆಯ ಕೈಬರಹ, ಅಂದಳು.
ಹಾಗೇ ಒಯ್ಯಬೇಡ. ಒಳಗೆ ಇನ್ನೂ ಇದೆ.

ಅಲುಗಿಸಿದೆ. ಬರೀ ಪುಡಿಯ ಸದ್ದು.

ಪುಡಿಯಾಗಿರಲಿಲ್ಲ ಮೊದಲು, ಅಂದಳು,
ಅಕ್ರೋಟಿನಷ್ಟು ದಪ್ಪ ದಪ್ಪ ಹೊಳೆವ ಗಟ್ಟಿಗಳು.
ಹೈಡ್ರೋಜನ್ ಬಿಟ್ಟೆವು. ಐದು ನಿಮಿಷ ಏನೂ ಇಲ್ಲ.
ಆಮೇಲೆ ಒಳಗೆ ಚಿಟ್, ಚಿಟಚಿಟ,
ಮುಳ್ಳು ಇಳಿಯುತ್ತಲೇ ಹೋಯಿತು; ಸೀಸೆಗೆ ಜ್ವರ.
ವುಬ್ಬೆ ನನ್ನ ಅಂಗೈ ತೆಗೆದು ಅದರ ಮೇಲಿಟ್ಟ.

(ಪರಮಾರಿಬೋದ ಅಜ್ಜಿ ಬಾಣಲೆಗೆ ಸಾಸಿವೆ ಹಾಕಿದ್ದು ನೆನಪಾಯಿತು.
ಹೇಳಲಿಲ್ಲ. ಅವಳು ಅಂಗೈ ನೋಡಿಕೊಳ್ಳುತ್ತಿದ್ದಳು.)

ಮೊದಲ ಸಲ ಹೊಟ್ಟೆಗೆ ಹಾಕಿಕೊಳ್ಳುವಾಗ ಉಬ್ಬಿ ಬಿರಿಯುತ್ತದೆ.
ಬಿರಿದದ್ದಕ್ಕೆ ಮತ್ತೆ ಬಿರಿಯುವ ಭಯವಿಲ್ಲ,
ಕರೆದಾಗಲೆಲ್ಲ ಒಳಗೆ ಬಿಟ್ಟುಕೊಳ್ಳುತ್ತದೆ.
ಹೆಸರೇ ನೋಡು: ಲ್ಯಾಂಥನಮ್ ಅಂದರೆ ಬಚ್ಚಿಟ್ಟುಕೊಂಡದ್ದು,
ನಿಕ್ಕಲ್ ಗಣಿಯ ದೆವ್ವದ ಹೆಸರು.
ಒಂದು ಗುಟ್ಟು, ಕಾಯಲು ಐದು ದೆವ್ವ!
ನಕ್ಕಳು. ಕೆಮ್ಮಿದಳು.
ಕಾರು ಓಡಿಸುತ್ತೇವೆ ಅಂದುಕೊಂಡಿದ್ದೆವು. ಭಾರ ಜಾಸ್ತಿ.
ನೂರು ಕಿಲೋ ಹೊತ್ತರೆ ಒಂದೂವರೆ ಕಿಲೋಗೂ ಕಡಮೆ ಸರಕು.

ಮತ್ತೆ ವುಬ್ಬೆ?
ಉತ್ತರಕ್ಕೆ ಹೋದ, ಫ್ರೀಸ್‌ಲ್ಯಾಂಡಿಗೆ, ಅವನ ಜನರ ಕಡೆ.
ಅಷ್ಟೇ ಹೇಳಿದಳು.

ಅಂಗಳಕ್ಕೆ ತಂದೆವು. ತಿರುಪಿಗೆ ಕೊಳವೆ, ಕೊಳವೆಗೆ ಕಡ್ಡಿ ಗೀರಿದೆ.
ಉರಿ ಕಾಣಿಸಲಿಲ್ಲ; ಮೇಲೆ ಗಾಳಿ ಮಾತ್ರ ನಡುಗಿತು.
ಸ್ವಲ್ಪ ಹೊತ್ತಿಗೆ ಸೀಸೆ ತಣ್ಣಗಾಗಿ, ಬೆವರಿ, ಮೈತುಂಬ ಇಬ್ಬನಿ ಬೆಳ್ಳಗಾಗಿ
ಉರಿ ಸಣ್ಣದಾಯಿತು.
ಮುಗಿಯಿತೇ?
ಇಲ್ಲ. ಅಂದು ಕೊಟ್ಟ ಬಿಸಿಯನ್ನು ವಾಪಸು ಕೇಳುತ್ತಿದೆ.
ಕೊಡದೆ ಬಾಯಿ ಬಿಡುವುದಿಲ್ಲ.

ಬಿಸಿನೀರಿನ ಬಕೆಟ್ಟು ತರಲು ನಾನು ಓಡಿದೆ.
ಹಿಂತಿರುಗಿದಾಗ ಕೈಗವಸು ಕಳಚಿ
ಎರಡೂ ಅಂಗೈ ಅದಕ್ಕೆ ಒತ್ತಿ ಕೂತಿದ್ದಳು,
ಬೆರಳು ಕೆಂಪಗೆ. ಕೈಯ ಬಿಸಿ ಎಲ್ಲಿ ಸಾಲುತ್ತದೆ,
ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.
ಬಕೆಟ್ಟು ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದೆ.

ಎರಡು ಗಂಟೆ ಉರಿಯಿತು, ನೀರು ಎರಡು ಸಲ ಬದಲಾಯಿತು.
ಕೊನೆಯಲ್ಲಿ ನನ್ನ ಟಿಫಿನ್ ಚಮಚ ಕೇಳಿ
ಉರಿಯ ಮೇಲೆ ಹಿಡಿದಳು.
ಮಂಜು ಕವಿದು, ಮಂಜು ಕೂಡಿ, ತುದಿಗೆ ಒಂದು ಹನಿ.
ನಾಲಿಗೆಗೆ ಮುಟ್ಟಿಸಿಕೊಂಡಳು.
ರುಚಿ ಹೇಗಿದೆ?
ಏನೂ ಇಲ್ಲ, ಅಂದಳು, ನೀರು.

ರಾಮ್‌ಖೆಲಾವನ್, ಈಗ ನಿನ್ನ ತಕ್ಕಡಿ ತಾ.

ಬೆಳಿಗ್ಗೆ ಅಭ್ಯಾಸಬಲದಿಂದ ಒಮ್ಮೆ ತೂಗಿಟ್ಟಿದ್ದೆ.
ಈಗ ಒರೆಸಿ ಮತ್ತೆ ತೂಗಿದೆ: ಹನ್ನೊಂದು ಗ್ರಾಂ ಕಡಮೆ.
ದುಡ್ಡು ಬೆಳಗಿನ ತೂಕಕ್ಕೇ ಎಣಿಸಿದೆ.
ಅವಳು ತೆಗೆದುಕೊಳ್ಳಲಿಲ್ಲ; ಚೀಟಿ ಮಾತ್ರ
ಉಗುರಿನಿಂದ ನಿಧಾನ ಎಬ್ಬಿಸಿ,
ಒಂದು ಮೂಲೆ ಹರಿಯಿತು, ಕೋಟಿನ ಜೇಬಿಗೆ ಹಾಕಿಕೊಂಡಳು.