ದಾಖಲಾತಿ ಸಂಖ್ಯೆ ಒಂದು

ವಹಿ ಹೊಸದು. ಬೆನ್ನಿಗೆ ಅಂಟಿಸಿದ ಕೆಂಪು ಬಟ್ಟೆಯಲ್ಲಿ
ಇನ್ನೂ ಮೈದಾ ಅಂಟಿನ ವಾಸನೆ.
ಹಾಸನದ ಬೈಪಾಸಿನಾಚೆ, ಮೊನ್ನೆಮೊನ್ನೆವರೆಗೂ ಆಲೂಗಡ್ಡೆ ಕಿತ್ತ ನೆಲದಲ್ಲಿ
ಸರ್ಕಾರಿ ಪ್ರೌಢಶಾಲೆ: ನಾಲ್ಕು ಕೋಣೆ, ಮೂರು ಕಿಟಕಿಗೆ ಗಾಜಿಲ್ಲ,
ಗಂಟೆಯ ಬದಲು ಟ್ರ್ಯಾಕ್ಟರಿನ ಸವೆದ ಡಿಸ್ಕು.

ಮೊದಲನೇ ಸಾಲು ಖಾಲಿ ಬಿಡಿ ಮೇಡಂ, ಎಂದಿದ್ದರು
ಜಾಗ ಕೊಟ್ಟ ಜವರೇಗೌಡರು. ಮೊಮ್ಮಗನ ಹೆಸರಿಗೆ.
ಬಿಟ್ಟೆ.
ಪೆನ್ಸಿಲಿನಲ್ಲಿ ಒಂದು ಅಂತ ಬರೆದು ಕೂತೆ.

ಸೋಮವಾರ. ಮಂಗಳವಾರ.
ಗೇಟಿನೆದುರು ಹಳದಿ ವ್ಯಾನು ನಿಲ್ಲುತ್ತದೆ,
ಟೈ ಕಟ್ಟಿದ ಮೊಮ್ಮಗ ಹತ್ತುತ್ತಾನೆ,
ಗೌಡರು ನನ್ನ ಕಡೆ ನೋಡುವುದಿಲ್ಲ,
ಶಂಕುಸ್ಥಾಪನೆಯ ಕಲ್ಲಲ್ಲಿ ತಮ್ಮ ಹೆಸರಿನ ಮೇಲಿನ ಧೂಳನ್ನು
ಟವೆಲಿನ ತುದಿಯಿಂದ ಒರೆಸುತ್ತಾರೆ.

ಬುಧವಾರ ಒಬ್ಬಳು ಬಂದಳು, ಒಬ್ಬಳೇ.
ಅಪ್ಪ ಅಮ್ಮ ಗಾರ್ಮೆಂಟ್ಸಿನ ಮೊದಲ ಪಾಳಿಗೆ ಹೋಗಿಯಾಗಿತ್ತು.
ಹೆಸರು? ಮಾಮುನಿ ನಾಯಕ್.
ಯಾವ ನಾಯಕರಮ್ಮ, ಅರಸೀಕೆರೆ ಕಡೆಯವರಾ?
ನಕ್ಕಳು. ಗಂಜಾಂ, ಮಿಸ್. ರೈಲಲ್ಲಿ ಎರಡು ರಾತ್ರಿ.
ಮಾತೃಭಾಷೆಯ ಕಲಮಿನಲ್ಲಿ ಒಡಿಯಾ ಎಂದು ಬರೆಯುವಾಗ
ಬಗ್ಗಿ ನೋಡಿ, "ಕನ್ನಡಾನೂ ಬರ್ಕೊಳ್ಳಿ,
ನಲ್ಲಿ ಹತ್ರ ಜಗಳ ಆಡೋದು ಅದ್ರಲ್ಲೇ" ಅಂದಳು.
ಅಷ್ಟು ಜಾಗವಿರಲಿಲ್ಲ. ಅಂಚಿನಲ್ಲಿ ಬರೆದೆ.

ಸಂಜೆ ಗೌಡರು ಬಂದರು. ವಹಿ ತಿರುಗಿಸಿಟ್ಟೆ, ಓದಿದರು.
ಬಯ್ಯಲಿ ಎಂದು ಕಾದೆ.
"ಇಲ್ಲೇ" ಎಂದರು, ನನ್ನ ಮೇಜಿನ ಕೆಳಗೆ ತೋರಿಸುತ್ತ,
"ನಮ್ಮ ಬಾವಿ ಇತ್ತು. ಮುಚ್ಚಿಸಿದ್ದು ನಾನೇ."
ಆಮೇಲೆ ಕೇಳಿದರು, ಆ ಮಗು ಯಾವ ಲೇಔಟು,
ಬರೋ ದಾರೀಲಿ ಬೀದಿದೀಪ ಉಂಟಾ.

ಪೆನ್ಸಿಲಿನ ಒಂದರ ಮೇಲೆ ಶಾಯಿ ಎಳೆದೆ.
ಹೊಸ ಕಾಗದ, ಸ್ವಲ್ಪ ಹರಡಿತು.