ಅಧ್ಯಕ್ಷರ ಸಂದೇಶ, ಎರಡು ಪ್ಯಾರಾ

‘ಎರಡು ಪ್ಯಾರಾ ಸಾಕ್ರಿ ಅಕ್ಕಾರ’ ಅಂದ ಸಂಘದ ಆಫೀಸಿನ ಹುಡುಗ,
‘ಡೈರಿಯ ಮೊದಲ ಪುಟಕ್ಕೆ, ನಿಮ್ಮ ಫೋಟೋದ ಕೆಳಗ.’
ಆಶಾದಾಯಕವಾಗಿರಲಿ ಅಂತ ಬೇರೆ ಹೇಳಿ ಹೋದ.
ನಾಲ್ಕು ಸಲ ಬರೆದೆ.
ನಾಲ್ಕೂ ಸಲ ‘ಸಂಕಷ್ಟದ ಈ ವರ್ಷದಲ್ಲಿ’ ಎಂದೇ ಶುರುವಾಯಿತು.
ನಾಲ್ಕೂ ಸಲ ಹರಿದೆ.

ಅದರ ಹೆಸರು ಸಂಕಷ್ಟ ಅಲ್ಲ.
ಅದರ ಹೆಸರು ಮಾರ್ಚಿನ ಒಂದು ರಾತ್ರಿ, ಎಂಟೂವರೆ:
ಭಟ್ಟಿಯ ಹೊಟ್ಟೆಯಲ್ಲಿ ಐನೂರು ಕಿಲೋ ಕೆಂಪು ನೀರು,
ಉದ್ಯಮಬಾಗದ ರಸ್ತೆಯಲ್ಲಿ ಪೊಲೀಸರ ಸೀಟಿ,
ಲಾಠಿಗೆ ಅಂಜಿ ಎರಡನೇ ಪಾಳಿ ಗೇಟು ದಾಟಿತ್ತು.
ಸುರಿಯುವ ಕೈಗಳಿಲ್ಲದೆ ಕಬ್ಬಿಣ
ಇದ್ದಲ್ಲೇ ಹೆಪ್ಪುಗಟ್ಟಿತು,
ಬೆಳಗಾಗುವಷ್ಟರಲ್ಲಿ ಕರೀ ಕಲ್ಲು.

ಆಮೇಲೆ ಸದ್ದಿಲ್ಲ.
ಮೂರನೇ ಗೇಟಿನಲ್ಲಿ ರೈಲಿಲ್ಲ, ಕಂಪ್ರೆಸರ್ ಇಲ್ಲ.
ಇಪ್ಪತ್ತಾರು ವರ್ಷ ಈ ಗದ್ದಲದೊಳಗೆ ಕೂಗಿಯೇ ಮಾತಾಡಿದವಳು
ಮನೆಯಲ್ಲಿ ಉಪ್ಪು ಕೇಳುವಾಗಲೂ ಕೂಗುತ್ತಿದ್ದೆ.

ಒಡಿಶಾದ ಕಿಶೋರ್ ನಡೆದೇ ಹೊರಟಿದ್ದ.
‘ಗದಗ ದಾಟಿದೆ ಮೇಡಂ’ ಅಂದ ಫೋನಿನಲ್ಲಿ,
ಬೇರೆ ಏನೂ ಕೇಳಲಿಲ್ಲ.
ಕಳಿಸಿದ ಎರಡು ಸಾವಿರ ಸಂಬಳವೂ ಅಲ್ಲ, ದಾನವೂ ಅಲ್ಲ;
ನಮ್ಮ ಲೆಕ್ಕದ ಗುಂಡೋಪಂತರು ಪೆನ್ನು ಕಚ್ಚಿ, ಕಚ್ಚಿ,
‘ಇತರೆ’ ಎಂದು ಬರೆದುಕೊಂಡರು.
ಈ ವರ್ಷದ ಅರ್ಧ ನನ್ನ ಖಾತೆಯಲ್ಲಿ
‘ಇತರೆ’.

ಜೂನಿನಲ್ಲಿ ಬಾಗಿಲು ತೆಗೆದೆವು.
ಭರಮಾ ತಳವಾರ ಮಾರ್ಚಿನಲ್ಲಿ ಕಟ್ಟಿಟ್ಟ ಹದಿನಾರು ಅಚ್ಚು
ಮುಟ್ಟಿದರೆ ಉದುರಿದವು, ಒಣಗಿದ ರೊಟ್ಟಿಯ ಹಾಗೆ.
ನನಗೆ ಅಳು. ಅವನಿಗೆ ನಗು.
‘ಉಸುಕ ಅಲ್ಲೇನ್ರಿ ಅಕ್ಕಾರ, ಮತ್ತ ಕಟ್ಟಿದರಾತು.’
ಒಂಬತ್ತು ದಿನ ಸುತ್ತಿಗೆ ಹೊಡೆದು
ಭಟ್ಟಿಯಿಂದ ಆ ಗಡ್ಡೆಯನ್ನು ಅವನೇ ಹೊರಗೆಳೆದ.
ಆಗಸ್ಟಿನಲ್ಲಿ ಅವನನ್ನು ಒಯ್ದರು,
ಪ್ಲಾಸ್ಟಿಕ್ ಅಂಗಿಯ ನಾಲ್ಕು ಜನ.
ದೇಸೂರಿನ ಅವನ ಮನೆಯವರೂ ನಾನೂ ಕಂಡಿದ್ದು
ಫೋನಿನ ಅಂಗೈಯಗಲದ ಪರದೆಯಲ್ಲಿ.

ಗಡ್ಡೆ ಮಾತ್ರ ಗೇಟಿನ ಬಳಿ ಎಮ್ಮೆಯಂತೆ ಮಲಗಿತ್ತು.
ಗುಜರಿಯವನು ಮೂರು ಸಲ ಬೆಲೆ ಕಟ್ಟಿದ. ಕೊಡಲಿಲ್ಲ.
ಬಿಸಿಲಿಗೆ ನಾಯಿ ಅದರ ಮೇಲೆ ಮಲಗುತ್ತಿತ್ತು,
ವಾಚ್‌ಮನ್ ಚಹಾದ ಕಪ್ಪು ಇಡುತ್ತಿದ್ದ.

ಇವತ್ತು ಸಂಜೆ ಕ್ಯಾಂಪಿನ ಹುಡುಗರು ಬಂದರು:
‘ಓಲ್ಡ್ ಮ್ಯಾನ್‌ಗೆ ಹಳೇ ಪ್ಯಾಂಟ್ ಕೊಡ್ರಿ ಆಂಟಿ.’
ಹುಲ್ಲಿನ ಮುದುಕನಿಗೆ ಮಾಸ್ಕ್ ಹಾಕಿದ್ದಾರೆ,
ಹೊಟ್ಟೆಯ ಮೇಲೆ ಇಸವಿ ಬರೆದಿದ್ದಾರೆ, ಒಳಗೆ ಪಟಾಕಿ.
ಕೊಟ್ಟೆ. ಚೊಲೋ ಸುಡ್ರಿ ಅಂದೆ.
ಸುಟ್ಟರೆ ಅವರಿಗೆ ನಿದ್ದೆ ಬರುತ್ತದೆ.

ನಮ್ಮ ಕಸುಬಿನಲ್ಲಿ ಸುಡುವುದು ಬೇರೆ,
ಕರಗಿಸುವುದು ಬೇರೆ.

ನಾಳೆ ಏಳಕ್ಕೆ ಭಟ್ಟಿ ಹೊತ್ತುತ್ತದೆ.
ದೊಡ್ಡ ಆರ್ಡರ್ ಏನಲ್ಲ, ನಾಲ್ಕುನೂರು ಪಂಪಿನ ಬಾಡಿ,
ದುಡ್ಡು ಅರವತ್ತು ದಿನಕ್ಕೆ, ಅದೂ ಬಂದರೆ.
ಕಿಶೋರ್ ಟಿಕೆಟ್ ತೆಗೆಸಿದ್ದಾನೆ, ಜೊತೆಗೆ ಭಾವಮೈದುನ;
‘ಕುಂದಾ ತೆಗೆದಿಡಿ’ ಅಂದಿದ್ದಾನೆ, ಇಷ್ಟು ದಿನಕ್ಕೆ ಏನೋ ಒಂದು ಕೇಳಿದ.
ಭರಮಾನ ಮಗಳು ರೇಣುಕಾ ಮರಳಿನ ಹದ ನೋಡುತ್ತಾಳೆ:
ಮುಷ್ಟಿ ಬಿಗಿದು, ಬಿಚ್ಚಿ,
ಬೆರಳಿನ ಗುರುತು ನಿಂತಿತೇ ಎಂದು ದಿಟ್ಟಿಸಿ.
ನಿಂತರೆ ಹದ.
ಆ ಗಡ್ಡೆಯನ್ನು ಒಡೆದು ಮೊದಲ ಸುರಿತಕ್ಕೆ ಹಾಕೆಂದಿದ್ದೇನೆ.

ಇಷ್ಟೇ ನೋಡಪ್ಪಾ ನನ್ನ ಸಂದೇಶ.
ಎರಡು ಪ್ಯಾರಾಕ್ಕಿಂತ ಹೆಚ್ಚಾಯಿತು, ನೀನೇ ಕತ್ತರಿಸಿಕೋ,
ಭರಮಾನ ಮಾತೊಂದು ಬಿಟ್ಟು.
ನನ್ನ ಫೋಟೋ ಬೇಡ.
ಹಾಕಲೇಬೇಕಂದರೆ ರಾತ್ರಿಯೇ ಬಂದು
ಗೇಟಿನ ಬಳಿ ಆ ಗಡ್ಡೆಯದು ತೆಗೆದುಕೊಂಡು ಹೋಗು.
ನಾಳೆ ಅದು ಅಲ್ಲಿರುವುದಿಲ್ಲ.