ಪಾಳು ಎಂದು ಬರೆದ ಗುಡ್ಡ

ಕಕ್ಕಬ್ಬೆಯಿಂದ ಮೇಲೆ, ಜೀಪು ನಿಲ್ಲುವಲ್ಲಿಂದ
ಇನ್ನೂ ಒಂದು ಗಂಟೆ ಹತ್ತಬೇಕು.
ಎಂಬತ್ತೇಳರಲ್ಲಿ ಈ ಹಾದಿಗೆ ನಾವು ಹನ್ನೊಂದು ಹೆಂಗಸರು,
ತಲೆಯ ಮೇಲೆ ಸಸಿಯ ಬುಟ್ಟಿ,
ಕಾಲಿಗೆ ಹೊಗೆಸೊಪ್ಪಿನ ನೀರು, ಜಿಗಣೆಗೆಂದು.
ದಿನಕ್ಕೆ ಒಂಬತ್ತು ರೂಪಾಯಿ.
ಇಲಾಖೆಯ ಕಾಗದದಲ್ಲಿ ಗುಡ್ಡದ ಹೆಸರಿನ ಮುಂದೆ
ಒಂದೇ ಪದ: ಪಾಳು.

ಹುಲ್ಲು ಸೊಂಟದವರೆಗೆ ಇತ್ತು.
ಪಾಳು ಅಂದರು, ನೆಟ್ಟೆವು.
ಆರಡಿಗೊಂದು ಗುಂಡಿ, ಗುಂಡಿಗೊಂದು ಅಕೇಶಿಯಾ.
ಹಾರೆ ಬಿದ್ದಲ್ಲೆಲ್ಲ ಪುರ್ರೆಂದು ಏನೋ ಏಳುತ್ತಿತ್ತು,
ಮಣ್ಣಿನ ಬಣ್ಣದ್ದು.
ಪುಲ್ಲ್‌ಪಕ್ಕಿ, ಅಂದಳು ಚೋಂದವ್ವ,
ಕಾಲಿಟ್ಟೀಯ ಜೋಕೆ, ಬುಡದಲ್ಲೇ ಮೊಟ್ಟೆ.
ನಾನು ಗುಂಡಿಯನ್ನು ಒಂದು ಗೇಣು ಆಚೆ ತೋಡಿದೆ.
ಅಷ್ಟು ದಯೆ ಸಾಕೆಂದುಕೊಂಡಿದ್ದೆ.

ಕೂರಲು ಕೊಂಬೆ ಬೇಡದ ಹಕ್ಕಿ ಅದು.
ಹಾಡು ಬಂದರೆ ನೆಟ್ಟಗೆ ಮೇಲೇರಿ
ಮಂಜಿನ ಮೇಲೆ ನಿಂತು ಹಾಡಿ ಮುಗಿಸಿ
ಕಲ್ಲಿನಂತೆ ಹುಲ್ಲಿಗೆ ಬೀಳುವುದು.
ಕೊಂಬೆ ಕೊಟ್ಟವರು ನಾವು.
ಮೊದಲು ಬಂದು ಕೂತದ್ದು ಕಾಗೆ.
ಅಲ್ಲಿಂದ ಅದಕ್ಕೆ ಎಲ್ಲ ಗೂಡೂ ಕಾಣುತ್ತಿತ್ತು.

ಆಮೇಲೆ ಬೀಜ ತಾನೇ ನಡೆಯಿತು.
ನಾವು ನೆಟ್ಟದ್ದು ಆ ತಿರುವಿನವರೆಗೆ;
ಅದು ತಿರುವು ದಾಟಿ, ಬಂಡೆ ದಾಟಿ,
ತೊರೆ ಹುಟ್ಟುವ ಕಣ್ಣಿನವರೆಗೂ.
ನೆರಳಡಿಯ ಹುಲ್ಲು ಹಳದಿಯಾಯಿತು, ವಿರಳವಾಯಿತು.
ಯಾರೂ ಕಡಿಯಲಿಲ್ಲ, ಯಾರೂ ಸುಡಲಿಲ್ಲ.
ಗುಡ್ಡ ಹಸಿರಾಗಿಯೇ ಇತ್ತು. ಫೋಟೊದಲ್ಲಿ ಚಂದವೇ.

ಈಗ ಅರವತ್ತು ತುಂಬಿ ಮತ್ತೆ ಅದೇ ಹಾದಿ.
ಕೂಲಿ ಐನೂರು. ಕೀಳುವ ಕೆಲಸ.
ವಾಚರ್ ಕರುಂಬಯ್ಯ ನಗುತ್ತಾನೆ:
ನೆಟ್ಟದ್ದಕ್ಕೂ ದುಡ್ಡು, ಕಿತ್ತದ್ದಕ್ಕೂ ದುಡ್ಡು,
ನಿನ್ನ ಅದೃಷ್ಟ, ದೇವಕ್ಕಿ!
ಎಳೆಯವು ಕೈಗೆ ಬರುತ್ತವೆ.
ದೊಡ್ಡವಕ್ಕೆ ಸುತ್ತ ತೊಗಟೆ ಸುಲಿದು ಬಿಡುತ್ತೇವೆ,
ನಿಂತೇ ಸಾಯಲೆಂದು.

ಮರ ಕೊಲ್ಲುತ್ತೀಯಂತೆ, ಎಂದು ಮೊಮ್ಮಗಳು ಮಾತು ಬಿಟ್ಟಿದ್ದಾಳೆ.
ಶಾಲೆಯಂಗಳದಲ್ಲಿ ಅವಳ ಹೆಸರಿನದೊಂದು ಗಿಡವಿದೆ,
ಅವಳೇ ನೀರು ಹಾಕುವುದು.
ಒಮ್ಮೆ ಕರೆತರಬೇಕು ಇಲ್ಲಿಗೆ.
ಕರೆತಂದು ಏನು ತೋರಿಸಲಿ?
ಏನೂ ಇಲ್ಲದ ಜಾಗ ತೋರಿಸಿ
ಇದೇ, ಅನ್ನಬೇಕು.

ಕಿತ್ತ ಕಡೆ ಎರಡು ಮಳೆಗೆ ಹುಲ್ಲು ಬಂದಿದೆ, ತೇಪೆ ತೇಪೆಯಾಗಿ.
ಮಧ್ಯಾಹ್ನ ಬುತ್ತಿ ಬಿಚ್ಚಿ ಮೇಲೆ ನೋಡುತ್ತೇನೆ.
ಕಾಗೆ ಇದೆ.
ನಿನ್ನೆ ಒಂದು ಬುಡದಿಂದ ಏನೋ ಪುರ್ರೆಂದಿತು.
ಗಾಳಿಯೂ ಇರಬಹುದು.
ಇವತ್ತು ಅದರಿಂದ ಗೇಣಲ್ಲ,
ಹತ್ತು ಮಾರು ಸುತ್ತಿ ನಡೆದೆ.